ಐಟಿ ಕೆಲಸವೋ, ಸರ್ಕಾರಿ ಕೆಲಸವೋ: ನಿಮ್ಮ ಗೆಲುವು ಯಾವುದು?

ಸಂಬಳ ಬೇಗ ಏರಬೇಕು, ಹೊಸದು ಕಲಿಯುತ್ತಿರಬೇಕು ಅನ್ನುವವರಿಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಐಟಿ ಕಂಪನಿಯೇ ಸರಿ. ಆದರೆ ಆಫರ್ ಲೆಟರ್‌ನ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ ಕಂಪನಿ ಕಟ್ಟುವ ಪಿಎಫ್ ಪಾಲು, ವೇರಿಯಬಲ್ ಪೇ (ಕೆಲಸದ ಸಾಧನೆ ನೋಡಿ ಕೊಡುವ, ಹೆಚ್ಚು ಕಡಿಮೆಯಾಗುವ ಭಾಗ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟು) ಎಲ್ಲ ಸೇರಿರುತ್ತದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು 5 ವರ್ಷದ ಸೇವೆಯ ಮೇಲೆ. ಎರಡೆರಡು ವರ್ಷಕ್ಕೆ ಕಂಪನಿ ಬದಲಿಸುವವರ ಕೈಗೆ ಅದು ಬರುವುದೇ ಇಲ್ಲ. ನೋಟಿಸ್ ಅವಧಿ 90 ದಿನವಿದ್ದರೆ ಮುಂದಿನ ಆಫರ್ ಕೈತಪ್ಪುವುದೂ ಉಂಟು.

ಕೆಪಿಎಸ್‌ಸಿ ಮೂಲಕ ಸಿಗುವ ಸರ್ಕಾರಿ ಕೆಲಸದಲ್ಲಿ ಸಂಬಳ ನಿಧಾನವಾಗಿ ಏರುತ್ತದೆ, ಭದ್ರತೆ ಹೆಚ್ಚು. ಊರಲ್ಲೇ ಇದ್ದು ಅಪ್ಪ-ಅಮ್ಮನನ್ನು ನೋಡಿಕೊಳ್ಳುವುದೇ ನಿಮಗೆ ಗೆಲುವಾದರೆ ಎರಡು ಸಲ ಯೋಚಿಸಿ: ಪೋಸ್ಟಿಂಗ್ ಬೀದರ್‌ಗೂ ಬೀಳಬಹುದು. ನೇಮಕಾತಿ ವರ್ಷಗಟ್ಟಲೆ ಎಳೆಯುವುದರಿಂದ, ಇರುವ ಕೆಲಸ ಬಿಡದೆ ಓದುವುದೇ ಒಳ್ಳೆಯದು.