ಕನ್ನಡ ಮಾಧ್ಯಮದ ಮಕ್ಕಳಿಗೆ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಎಷ್ಟು ಉಪಯುಕ್ತ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಮಂಗಳೂರಿನ ಕಾಲೇಜು ಸೇರುವ ಮಕ್ಕಳನ್ನು ಇಂಗ್ಲಿಷ್ ವ್ಯಾಕರಣಕ್ಕಿಂತ ಹೆಚ್ಚಾಗಿ ಕಾಡುವುದು ಪದಗಳ ಕೊರತೆ. ಮನೆಯವರು ಒಂದು ಇಂಗ್ಲಿಷ್–ಕನ್ನಡ ನಿಘಂಟನ್ನು ತಂದುಕೊಟ್ಟು, ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ನನ್ನಲ್ಲಿ ಟ್ಯೂಷನ್‌ಗೆ ಬರುವವರಿಗೆ ಅದರ ಜೊತೆಗೆ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ಯ ಉಚಿತ ಜಾಲತಾಣವನ್ನೂ ಬಳಸುವಂತೆ ಹೇಳುತ್ತೇನೆ. ಇದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಹಾಗಿದ್ದೂ ಇದನ್ನೇ ಏಕೆ ಸೂಚಿಸುತ್ತೇನೆ ಎಂಬುದಕ್ಕೆ ಕಾರಣ ಕೊಡಬೇಕಾಗುತ್ತದೆ.

ಇದು ಇಂಗ್ಲಿಷ್ ಮನೆಮಾತಾಗಿರುವವರಿಗಾಗಿ ಹುಟ್ಟಿದ ನಿಘಂಟಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿ 1942ರಲ್ಲಿ ಅಲ್ಲಿಯೇ ಪ್ರಕಟವಾದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಿಂದ ಹೊರಬಂದು, ಪರಿಷ್ಕರಣೆಗೊಳ್ಳುತ್ತ 2020ರಲ್ಲಿ ಹತ್ತನೆಯ ಆವೃತ್ತಿಯನ್ನು ಕಂಡಿದೆ. ಅರ್ಥವಿವರಣೆಗಳನ್ನು ಬಹುಮಟ್ಟಿಗೆ 3000 ಮೂಲಪದಗಳ ಒಳಗೇ ಬರೆದಿರುವುದರಿಂದ, ಒಂದು ಕಠಿಣ ಪದದ ಅರ್ಥ ತಿಳಿಯಲು ಇನ್ನೊಂದು ಕಠಿಣ ಪದವನ್ನು ಹುಡುಕಬೇಕಾದ ಪೇಚು ಅಪರೂಪ. ನಿಘಂಟಿನ ಮುಖ್ಯ ಪದಗಳ ಪಟ್ಟಿಯಲ್ಲಿರುವ ಪದಗಳಿಗೆ, ಸುಲಭದಿಂದ ಕಠಿಣದತ್ತ ಸಾಗುವ ಎ1, ಎ2, ಬಿ1 ಎಂಬ ಮಟ್ಟದ ಗುರುತುಗಳೂ ಇರುವುದರಿಂದ ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬುದು ತಿಳಿಯುತ್ತದೆ.

ಇದರ ನಿಜವಾದ ಬಲವಿರುವುದು ಪದದ ಬಳಕೆಯನ್ನು ತೋರಿಸುವ ರೀತಿಯಲ್ಲಿ. ‘ಡಿಸ್ಕಸ್’ ಎಂಬ ಪದಕ್ಕೆ ದ್ವಿಭಾಷಾ ನಿಘಂಟು ‘ಚರ್ಚಿಸು’ ಎಂದು ಹೇಳಿ ಸುಮ್ಮನಾಗುತ್ತದೆ. ನಾವು ಯಾವುದೇ ವಿಷಯದ ‘ಬಗ್ಗೆ’ ಚರ್ಚಿಸುವವರಾದ್ದರಿಂದ ಆ ‘ಬಗ್ಗೆ’ಯನ್ನು ಇಂಗ್ಲಿಷಿಗೂ ಕೊಂಡೊಯ್ದು ‘ಡಿಸ್ಕಸ್ ಅಬೌಟ್’ ಎಂದು ಬರೆಯುತ್ತೇವೆ. ಆಕ್ಸ್‌ಫರ್ಡ್ ನಿಘಂಟು ಆ ಪದದಡಿಯಲ್ಲೇ, ಹಾಗೆ ಹೇಳುವಂತಿಲ್ಲ ಎಂದು ಸ್ಪಷ್ಟವಾಗಿ ಎಚ್ಚರಿಸುತ್ತದೆ. ಇನ್ನು ನಮ್ಮ ಕರಾವಳಿಯ ‘ಜೋರು’ ಎಂಬ ಪದವನ್ನೇ ನೋಡಬಹುದು: ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಾದರೋ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’. ಯಾವ ನಾಮಪದದ ಸಂಗಡ ಯಾವ ವಿಶೇಷಣ ಒಗ್ಗುತ್ತದೆ ಎಂಬುದನ್ನು ತರ್ಕದಿಂದ ಊಹಿಸುವುದು ಸಾಧ್ಯವಿಲ್ಲ. ಉದಾಹರಣೆ ವಾಕ್ಯಗಳನ್ನು ಓದಿಯೇ ಅದು ಮನಸ್ಸಿಗೆ ಹತ್ತಬೇಕು. ವಿದ್ಯಾರ್ಥಿಗಳು ಅರ್ಥವನ್ನಷ್ಟೇ ನೋಡಿ ಪುಟ ಮುಚ್ಚಿಬಿಟ್ಟರೆ ಈ ನಿಘಂಟಿನ ಮುಕ್ಕಾಲು ಪಾಲು ಪ್ರಯೋಜನ ವ್ಯರ್ಥವಾಗುತ್ತದೆ.

ಉಚ್ಚಾರಣೆಯ ಮಟ್ಟಿಗೆ ಹೇಳುವುದಾದರೆ, ಪ್ರತಿ ಪದಕ್ಕೂ ಬ್ರಿಟಿಷ್ ಮತ್ತು ಅಮೆರಿಕನ್ ಧ್ವನಿಗಳನ್ನು ಪ್ರತ್ಯೇಕವಾಗಿ ಕೇಳಬಹುದು. ಜೊತೆಗೆ ಅಂತರರಾಷ್ಟ್ರೀಯ ಧ್ವನಿಲಿಪಿಯೂ ಇರುತ್ತದೆ. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಕೊಡುವ ಅಗ್ಗದ ಪುಸ್ತಕಗಳು ‘ಕಂಫರ್ಟೇಬಲ್’ ಎಂದು ಅಚ್ಚು ಹಾಕುವುದರಿಂದ ಮಕ್ಕಳು ಅದರ ಕೊನೆಗೆ ಒಂದು ಮೇಜನ್ನೇ ಇಟ್ಟು ಓದುತ್ತಾರೆ. ಇಲ್ಲಿ ಕೇಳಿಸುವುದು ಹೆಚ್ಚುಕಡಿಮೆ ‘ಕಂಫ್ಟಬ್‌ಲ್’. ಒತ್ತು ಮೊದಲ ಅಕ್ಷರದ ಮೇಲೆ, ಉಳಿದದ್ದೆಲ್ಲ ಸಡಿಲ. ಕನ್ನಡದಲ್ಲಿ ಪ್ರತಿ ಸ್ವರವನ್ನೂ ಪೂರ್ತಿಯಾಗಿ ನುಡಿಯುವ ನಮಗೆ ಈ ಸಡಿಲ ಸ್ವರವೇ ದೊಡ್ಡ ತೊಡಕು. ತುಳು ಮನೆಮಾತಿನ ಮಕ್ಕಳಿಗೆ ‘ಕಲ್ಲ್’ ಎನ್ನುವಾಗ ಕೊನೆಯಲ್ಲಿ ಬರುವ ಅರೆಉಕಾರವನ್ನು ನೆನಪಿಸಿದರೆ, ಎರಡೂ ಒಂದೇ ಸ್ವರವಲ್ಲದಿದ್ದರೂ, ವಿಷಯ ಬೇಗ ಹಿಡಿಸುತ್ತದೆ. ‘ವೆಸ್ಟ್’ ಎಂದರೆ ಬನಿಯನ್ನೋ ಪಶ್ಚಿಮವೋ ಎಂಬ ಗೊಂದಲ ಮಾತ್ರ ಧ್ವನಿಯನ್ನು ಕೇಳಿದ ಮಾತ್ರಕ್ಕೆ ಪರಿಹಾರವಾಗದು, ಏಕೆಂದರೆ ನಮ್ಮ ಕಿವಿಗೆ ಎರಡೂ ಒಂದೇ ‘ವ’. ಬನಿಯನ್ ಎಂಬ ಅರ್ಥದ ಪದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮ ಎಂಬ ಅರ್ಥದ ಪದಕ್ಕೆ ತುಟಿಗಳು ದುಂಡಾಗಬೇಕು. ಇದನ್ನು ಯಾರಾದರೂ ಎದುರಿಗೆ ಕುಳಿತು ತೋರಿಸಿಕೊಡಬೇಕಾಗುತ್ತದೆ. ಧ್ವನಿಲಿಪಿಯ ಚಿಹ್ನೆಗಳನ್ನೂ ಆರಂಭದಲ್ಲಿ ಒಬ್ಬರು ಕಲಿಸಿಕೊಡುವುದು ಒಳ್ಳೆಯದು.

ಕೊರತೆಗಳಿಲ್ಲದಿಲ್ಲ. ‘ಗೆಟ್’, ‘ರನ್’ ಮೊದಲಾದ ಪದಗಳ ಪುಟಗಳು ಎಷ್ಟು ಉದ್ದವೆಂದರೆ ಹೊಸಬರು ಅರ್ಧದಲ್ಲೇ ಸೋಲುತ್ತಾರೆ. ‘ಪ್ರಿಪೋನ್’ (ನಿಗದಿಯಾದ ಸಮಯಕ್ಕಿಂತ ಮೊದಲೇ ಇಟ್ಟುಕೊಳ್ಳುವುದು) ಎಂಬ ನಮ್ಮ ಪದಕ್ಕೆ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಜಾಗ ಕೊಟ್ಟಿರುವುದು ಮೆಚ್ಚಬೇಕಾದ ಸಂಗತಿಯಾದರೂ, ಸಾಮಾನ್ಯ ಪದಗಳಿಗೆ ಎರಡು ಧ್ವನಿಗಳ ಪಕ್ಕದಲ್ಲಿ ಮೂರನೆಯದಾಗಿ ಭಾರತೀಯ ಧ್ವನಿಯೊಂದು ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಪೂರ್ಣ ನಿಘಂಟು ಬೇಕಾದರೆ ಹಣ ತೆರಬೇಕು. ಜಾಲತಾಣವೇ ಸಾಕೆಂಬುದು ನನ್ನ ಅಭಿಪ್ರಾಯ.

ಹಾಗೆಂದು ದ್ವಿಭಾಷಾ ನಿಘಂಟನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ. ಕನ್ನಡ ಪದದಿಂದ ಇಂಗ್ಲಿಷಿಗೆ ಹೋಗಬೇಕಾದಾಗ ಅಂಥದ್ದೇ ಬೇಕು. ಗಿಡ, ಮೀನು, ಸಾಮಾನುಗಳ ಹೆಸರುಗಳಿಗಂತೂ ಇಂಗ್ಲಿಷ್ ವಿವರಣೆಯಿಂದ ಹೆಚ್ಚಿನ ಉಪಯೋಗವಿಲ್ಲ. ‘ಮ್ಯಾಕೆರೆಲ್’ ಎಂದರೆ ಮೈಮೇಲೆ ಪಟ್ಟೆಗಳಿರುವ, ತಿನ್ನಲು ಯೋಗ್ಯವಾದ ಒಂದು ಕಡಲಮೀನು ಎಂದು ಓದಿ ತಲೆ ಕೆರೆದುಕೊಳ್ಳುವ ಮಲ್ಪೆಯ ಹುಡುಗನಿಗೆ ‘ಬಂಗುಡೆ’ ಎಂಬ ಒಂದೇ ಪದ ಸಾಕಾಗುತ್ತದೆ.