ಚಾಕು ಎಲ್ಲಿಡೋದು: ಮರದ ಸ್ಟ್ಯಾಂಡಾ, ಗೋಡೆಯ ಮ್ಯಾಗ್ನೆಟ್ ಪಟ್ಟಿಯಾ?

ಚಮಚ, ಸೌಟುಗಳ ಜೊತೆ ಚಾಕುವನ್ನೂ ಡ್ರಾಯರ್‌ಗೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ರತಿ ಸಲ ಎಳೆದಾಗ ಅಂಚು ಸ್ಟೀಲಿಗೆ ತಾಗಿ ಮೊಂಡಾಗುತ್ತದೆ, ಬೆರಳಿಗೂ ಅಪಾಯ.

ಮರದ ಸ್ಟ್ಯಾಂಡ್ ನೋಡೋಕೆ ಚೆಂದ, ಜಾಗ ಬದಲಿಸೋದೂ ಸುಲಭ. ಆದರೆ ಚಾಕು ಒರೆಸದೆ ಹಾಕಿದರೆ ಸಂದಿಯೊಳಗೆ ತೇವ ಉಳಿಯುತ್ತದೆ, ಕರಾವಳಿಯ ಮಳೆಗಾಲದಲ್ಲಂತೂ ಬೂಷ್ಟು ಹಿಡಿಯುತ್ತದೆ, ಆ ಸಣ್ಣ ಸಂದಿಗೆ ಕೈ ಹಾಕಿ ತೊಳೆಯೋಕೂ ಆಗುವುದಿಲ್ಲ. ನಿಂತ ಸಂದಿಗಿಂತ ಅಡ್ಡ ಸಂದಿ ಇರುವುದು ವಾಸಿ, ಅಂಚು ಮರಕ್ಕೆ ಉಜ್ಜುವುದು ಕಡಿಮೆ.

ನನ್ನ ಆಯ್ಕೆ ಮ್ಯಾಗ್ನೆಟ್ ಪಟ್ಟಿ. ಗಾಳಿಯಾಡುತ್ತದೆ, ತುಕ್ಕಿನ ಭಯ ಕಡಿಮೆ. ಕಬ್ಬಿಣದ ಹಳೇ ಚಾಕು ಇದ್ದವರಿಗೆ ಇದೇ ಸರಿ, ಒಣಗಿಸಿ ಹಾಕಿದರೆ ಸಾಕು. ಮರದ ಮುಖ ಇರುವ ಪಟ್ಟಿ ತಗೊಳ್ಳಿ. ಅಂಟಿಸುವಾಗ ಮೊದಲು ಚಾಕುವಿನ ಬೆನ್ನು, ಅಂದ್ರೆ ಹರಿತವಿಲ್ಲದ ಬದಿ, ತಾಗಿಸಿ, ಆಮೇಲೆ ಮೆಲ್ಲಗೆ ಮಲಗಿಸಿ. ತೆಗೆಯುವಾಗ ಉಲ್ಟಾ: ಬೆನ್ನು ಪಟ್ಟಿಗೆ ತಾಗಿರುವಾಗಲೇ ಹಿಡಿ ತಿರುಗಿಸಿ ಅಂಚನ್ನು ಮೊದಲು ಬಿಡಿಸಿ. ಸುಮ್ನೆ ಎಳೆದರೆ ಅಂಚು ಹಾಳು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಪಟ್ಟಿ ಅವರ ಕೈಗೆ ಎಟುಕಲೇಬಾರದು. ಬಾಡಿಗೆ ಮನೆ, ಗೋಡೆ ಕೊರೆಯೋಕೆ ಓನರ್ ಬಿಡಲ್ಲ ಅಲ್ವಾ? ಹಾಗಾದರೆ ಚಾಕುವಿನ ಅಲಗಿಗೆ ಪ್ಲಾಸ್ಟಿಕ್ ಒರೆ ಹಾಕಿ ಡ್ರಾಯರ್‌ನಲ್ಲೇ ಇಡಿ, ಚೆನ್ನಾಗಿ ಒಣಗಿದ ಮೇಲೆ.