ಅಹಮದಾಬಾದ್ ಬಯಲೋ, ಸ್ಯಾನ್ ಹೊಸೆ ಬಯಲೋ: ಎರಡು ಡ್ರೈವ್-ಇನ್‌ಗಳ ಹೋಲಿಕೆ

ಅಹಮದಾಬಾದಿನಲ್ಲಿ ಒಂದು ದೊಡ್ಡ ರಸ್ತೆಗೆ ಡ್ರೈವ್-ಇನ್ ರೋಡ್ ಅಂತಲೇ ಹೆಸರು. ಥಲತೇಜ್ ಬಳಿ 1973ರಲ್ಲಿ ಶುರುವಾದ ಸನ್‌ಸೆಟ್ ಡ್ರೈವ್-ಇನ್ ಸಿನಿಮಾದಿಂದ ಬಂದ ಹೆಸರು ಅದು. ಡ್ರೈವ್-ಇನ್ ಅಂದರೆ ಕಾರಿನಲ್ಲೇ ಒಳಗೆ ಹೋಗಿ, ಬಯಲಲ್ಲಿ ಕಾರು ನಿಲ್ಲಿಸಿಕೊಂಡು ದೊಡ್ಡ ಪರದೆಯ ಮೇಲೆ ಸಿನಿಮಾ ನೋಡುವ ಜಾಗ. ನಮ್ಮ ಯಜಮಾನರಿಗೆ ಅದೇ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. 1990ರ ದಶಕದ ಎಷ್ಟೋ ಶನಿವಾರ ರಾತ್ರಿಗಳನ್ನು ನಾವು ಆ ಬಯಲಲ್ಲಿ ಕಳೆದೆವು. ಈಗ ಮಗನ ಮನೆ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಅಲ್ಲೂ ಒಂದು ಡ್ರೈವ್-ಇನ್ ಇದೆ, ಕ್ಯಾಪಿಟಲ್ ಅಂತ. ಅದು ಶುರುವಾಗಿದ್ದು 1971ರಲ್ಲಿ. ಹೆಚ್ಚುಕಮ್ಮಿ ಒಂದೇ ವಯಸ್ಸಿನ ಎರಡು ಜಾಗಗಳು. ಸಿನಿಮಾ ನೋಡುವುದಕ್ಕಾದರೆ ಸ್ಯಾನ್ ಹೊಸೆಯೇ ಮೇಲು. ಆದರೆ ಇವತ್ತು ರಾತ್ರಿ ಎರಡರಲ್ಲಿ ಎಲ್ಲಿಗೆ ಹೋಗೋಣ ಅಂತ ಕೇಳಿದರೆ, ನಾನು ಅಹಮದಾಬಾದಿಗೇ ಹೊರಡುವವಳು.

ಮೊದಲು ಶಬ್ದದ ಮಾತು. ಡ್ರೈವ್-ಇನ್‌ನಲ್ಲಿ ಬಹಳಷ್ಟು ನಿಂತಿರುವುದು ಅದರ ಮೇಲೇ.

ಅಹಮದಾಬಾದಿನಲ್ಲಿ ನಮ್ಮ ಕಾಲಕ್ಕೆ ಸಾಲು ಸಾಲಾಗಿ ಕಂಬಗಳು, ಕಂಬದಲ್ಲಿ ಸ್ಪೀಕರ್. ಕಾರು ಕಂಬದ ಪಕ್ಕಕ್ಕೆ ಬರುವ ಹಾಗೆ ನಿಲ್ಲಿಸಬೇಕು. ಸ್ಪೀಕರ್ ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಮಾತು ಸ್ವಲ್ಪ ಗೊಗ್ಗರು, ಹಾಡಿನಲ್ಲಿ ತಬಲಾ ಸರಿಯಾಗಿ ಕೇಳುತ್ತಿರಲಿಲ್ಲ. ಆದರೆ ಬಯಲಿನ ತುಂಬಾ ಅಂಥವೇ ಸ್ಪೀಕರುಗಳು. ನೀರು ತರಲು ಎದ್ದು ಹೋದರೂ ಒಂದು ಡೈಲಾಗೂ ತಪ್ಪುತ್ತಿರಲಿಲ್ಲ. ಈ ಕಾರಿನ ಹತ್ತಿರ ಅರ್ಧ ಮಾತು, ಆ ಕಾರಿನ ಹತ್ತಿರ ಉಳಿದರ್ಧ. ನಗುವ ಜಾಗ ಬಂದರೆ ಇಡೀ ಬಯಲು ಒಟ್ಟಿಗೆ ನಗುತ್ತಿತ್ತು.

ಸ್ಯಾನ್ ಹೊಸೆಯಲ್ಲಿ ಕಂಬವೂ ಇಲ್ಲ, ಸ್ಪೀಕರೂ ಇಲ್ಲ. ನಿಮ್ಮ ಪರದೆಗೆ ಇರುವ ಎಫ್‌ಎಂ ನಂಬರನ್ನು ಕಾರಿನ ರೇಡಿಯೋದಲ್ಲಿ ಹಿಡಿದರೆ ಮುಗಿಯಿತು. ಶಬ್ದ ಅಚ್ಚುಕಟ್ಟು. ಹಿಂದಿನ ಬಾಗಿಲ ಸ್ಪೀಕರಿನಿಂದ ಮಳೆ ಸುರಿದಂತೆ ಕೇಳಿ, ಮೊದಲ ಸಲ ನಾನು ಹೊರಗೆ ನಿಜವಾಗಲೂ ಮಳೆ ಬಂತೇನೋ ಅಂತ ತಿರುಗಿ ನೋಡಿದೆ. ಆದರೆ ಕಾರಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಿನಿಮಾ ಮೂಕ. ಅಷ್ಟು ದೊಡ್ಡ ಪರದೆಯ ಮೇಲೆ ಬಾಯಿ ಆಡುತ್ತಿರುತ್ತದೆ, ಒಂದು ಮಾತೂ ಇಲ್ಲ. ಪಕ್ಕದ ಕಾರಿನವರು ನಗುತ್ತಿರುವುದು ಗಾಜಿನ ಆಚೆ ಕಾಣುತ್ತದೆ, ಕೇಳುವುದಿಲ್ಲ.

ಇದಕ್ಕೆ ಒಂದು ಉಪಾಯ ಇದೆ. ಸೆಲ್ ಹಾಕುವ ಸಣ್ಣ ಟ್ರಾನ್ಸಿಸ್ಟರ್ ಒಯ್ಯಿರಿ. ಮಡಿಸುವ ಕುರ್ಚಿ ಹಾಕಿಕೊಂಡು ಕಾರಿನ ಹೊರಗೆ ಕೂತು, ಅದನ್ನು ನೆಲದ ಮೇಲೆ ಇಡಿ. ಶಬ್ದ ಕಾರಿನ ರೇಡಿಯೋದಷ್ಟು ಚೆನ್ನಾಗಿರುವುದಿಲ್ಲ, ಆದರೆ ನನಗೆ ಇದೇ ಹೆಚ್ಚು ಇಷ್ಟ. ಇನ್ನೊಂದು ಲಾಭವೂ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಇಂಜಿನ್ ನಿಲ್ಲಿಸಿ ರೇಡಿಯೋ ಹಾಕಿದರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ. ಮತ್ತೆ ಹಾಕಿದರೆ ಕೆಲವು ಕಾರುಗಳಲ್ಲಿ ಮುಂದಿನ ದೀಪವೂ ಹತ್ತಿಕೊಳ್ಳುತ್ತದೆ, ಎದುರು ಸಾಲಿನವರು ಹಾರ್ನ್ ಹೊಡೆಯುತ್ತಾರೆ. ಟ್ರಾನ್ಸಿಸ್ಟರ್ ಇದ್ದರೆ ಈ ರಗಳೆ ಇಲ್ಲ, ಬ್ಯಾಟರಿ ಇಳಿಯುವ ಭಯವೂ ಇಲ್ಲ.

ಅಮೆರಿಕದವರು ಈ ಶಬ್ದದ ವಿಷಯದಲ್ಲಿ ಹಂತ ಹಂತವಾಗಿ ಕಾರಿನೊಳಕ್ಕೇ ಹೋದವರು. ರಿಚರ್ಡ್ ಹಾಲಿಂಗ್‌ಸ್‌ಹೆಡ್ ಅನ್ನುವವರು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ 1933ರ ಜೂನ್ 6ರಂದು ಮೊದಲ ಡ್ರೈವ್-ಇನ್ ತೆರೆದರು. ಅದಕ್ಕೂ ಮುಂಚೆ ಮನೆಯ ಮುಂದೆಯೇ ಪ್ರಯೋಗ ಮಾಡಿದ್ದರು. ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್, ಮರಗಳಿಗೆ ಕಟ್ಟಿದ ಬಟ್ಟೆಯ ಪರದೆ, ಪರದೆಯ ಹಿಂದೆ ಒಂದು ರೇಡಿಯೋ. ಮಳೆ ಬಂದರೆ ಹೇಗೆ ಅಂತ ನೋಡಲು ಹುಲ್ಲಿಗೆ ನೀರು ಚಿಮುಕಿಸುವ ಯಂತ್ರವನ್ನು ಕಾರಿನ ಮೇಲೆ ತಿರುಗಿಸಿ ಪರೀಕ್ಷೆ ಮಾಡಿದ್ದರಂತೆ. ಕ್ಯಾಮ್ಡನ್‌ನಲ್ಲಿ ಶಬ್ದ ಬರುತ್ತಿದ್ದುದು ಪರದೆಯ ಹತ್ತಿರದ ದೊಡ್ಡ ಸ್ಪೀಕರುಗಳಿಂದ. ಹಿಂದಿನ ಸಾಲಿಗೆ ತಡವಾಗಿ ಕೇಳುತ್ತಿತ್ತು, ಸುತ್ತಲಿನ ಮನೆಗಳಿಗೆ ಬೇಡವೆಂದರೂ ಕೇಳುತ್ತಿತ್ತು. 1940ರ ದಶಕದಲ್ಲಿ ಆರ್‌ಸಿಎ ಕಂಪನಿ ಕಾರಿನ ಕಿಟಕಿಗೆ ಸಿಕ್ಕಿಸುವ ಪುಟ್ಟ ಸ್ಪೀಕರ್ ತಂದಿತು. ಆಮೇಲೆ ರೇಡಿಯೋ ಬಂತು. ಪ್ರತಿ ಹಂತದಲ್ಲೂ ಶಬ್ದ ಚೊಕ್ಕವಾಗುತ್ತಾ ಹೋಯಿತು, ಪಕ್ಕದವರು ದೂರವಾಗುತ್ತಾ ಹೋದರು.

ಇನ್ನು ಕೂರುವುದು. ಹಾಲಿಂಗ್‌ಸ್‌ಹೆಡ್ ಪೇಟೆಂಟ್ ತೆಗೆದುಕೊಂಡಿದ್ದು ಮುಖ್ಯವಾಗಿ ನೆಲದ ಏರಿಳಿತಕ್ಕೆ. ಪ್ರತಿ ಸಾಲಿನಲ್ಲೂ ಒಂದು ಸಣ್ಣ ದಿಬ್ಬ. ಮುಂದಿನ ಚಕ್ರ ಅದರ ಮೇಲೆ ಏರಿದರೆ ಕಾರಿನ ಮೂತಿ ಮೇಲಕ್ಕಾಗಿ, ಎದುರಿನ ಕಾರು ಅಡ್ಡ ಬರುವುದಿಲ್ಲ. ಸ್ಯಾನ್ ಹೊಸೆಯಲ್ಲಿ ಈ ದಿಬ್ಬ ಎಷ್ಟು ಉಪಯೋಗ ಅನ್ನುವುದು ಕೂತ ಮೇಲೆ ಗೊತ್ತಾಗುತ್ತದೆ. ಮುಂದಿನ ಸೀಟಿನಲ್ಲಿ ಒರಗಿದರೆ ಕುತ್ತಿಗೆ ನೋಯುವುದೇ ಇಲ್ಲ. ಆದರೆ ಹಿಂದಿನ ಸೀಟಿನವರ ಪಾಡು ಕಷ್ಟ. ಎರಡು ತಲೆ, ಒಂದು ಕನ್ನಡಿ, ಅದರ ಸಂದಿಯಲ್ಲಿ ಸಿನಿಮಾ. ಹಾಗಾಗಿ ಮಗ ಗಾಡಿಯನ್ನು ರಿವರ್ಸ್ ಹಾಕಿ ನಿಲ್ಲಿಸುತ್ತಾನೆ. ಹಿಂದಿನ ಡೋರ್ ಎತ್ತಿ, ಸೀಟು ಮಡಿಸಿ, ಹಾಸಿಗೆ ಹಾಸುತ್ತಾನೆ. ಡೋರ್ ಪೂರ್ತಿ ಎತ್ತಿದರೆ ಹಿಂದಿನವರಿಗೆ ಅಡ್ಡ, ಅದಕ್ಕೇ ಹಗ್ಗದಲ್ಲಿ ಅರ್ಧಕ್ಕೆ ಎಳೆದು ಕಟ್ಟುತ್ತಾನೆ. ಮೊಮ್ಮಕ್ಕಳಿಗೆ ಅದಕ್ಕಿಂತ ಸುಖ ಬೇರೆ ಇಲ್ಲ.

ಅಹಮದಾಬಾದಿನಲ್ಲಿ ಕಾರಿನೊಳಗೆ ಕೂತು ಸಿನಿಮಾ ನೋಡಿದ ನೆನಪೇ ನನಗೆ ಕಡಿಮೆ. ಕಾರು ನಿಲ್ಲಿಸಿದ ತಕ್ಷಣ ಎಲ್ಲರೂ ಇಳಿದುಬಿಡುತ್ತಿದ್ದರು. ಕಾರಿನ ಮುಂದೆ ಜಮಖಾನ, ಅಜ್ಜಿ ತಾತಂದಿರಿಗೆ ಮಡಿಸುವ ಕುರ್ಚಿ, ಮಕ್ಕಳು ಕಾರಿನ ಮೇಲೆ. ಹಾಸಿಗೆ ದಿಂಬು ಕಟ್ಟಿಕೊಂಡು ಬರುವವರೂ ಇದ್ದರು. ಕಾರಿಲ್ಲದವರಿಗೂ ಕೂರಲು ಜಾಗವಿತ್ತು. ಗುಜರಾತಿಗಳು ಥೇಪ್ಲಾ, ಢೋಕ್ಲಾ ಡಬ್ಬಿ ಬಿಚ್ಚುತ್ತಿದ್ದರು. ನಾವು ಚಿತ್ರಾನ್ನ, ಕೋಡುಬಳೆ. ನಮ್ಮ ಪಕ್ಕ ಕೂತಿದ್ದ ಒಬ್ಬ ಹೆಂಗಸು ಒಮ್ಮೆ ನನ್ನ ಕೋಡುಬಳೆ ತಿಂದು ನೋಡಿ, "ಬೆನ್ (ಅಕ್ಕಾ), ಇದನ್ನ ಹೇಗೆ ಮಾಡಿದ್ರಿ?" ಅಂತ ಹಿಂದಿಯಲ್ಲಿ ಕೇಳಿದರು. ಹಿಟ್ಟಿಗೆ ಎಷ್ಟು ರವೆ, ಕಾಸಿದ ಎಣ್ಣೆ ಎಷ್ಟು, ಕೈಯಲ್ಲಿ ಹೇಗೆ ಹೊಸೆಯಬೇಕು ಅಂತ ನಾನು ಹೇಳುವಷ್ಟರಲ್ಲಿ ಇಂಟರ್ವಲ್ ಮುಗಿದು, ಪರದೆಯ ಮೇಲೆ ನಾಯಕ ಜೈಲಿಗೆ ಹೋಗಿ ಆಗಿತ್ತು. ಯಾಕೆ ಹೋದ ಅಂತ ಅವರ ಮಗನೇ ನಮ್ಮಿಬ್ಬರಿಗೂ ಹೇಳಿದ.

ತಿಪಟೂರಿನ ಕಡೆ ನಾನು ಹುಡುಗಿಯಾಗಿದ್ದಾಗ ನೋಡಿದ ಟೆಂಟ್ ಸಿನಿಮಾದಲ್ಲೂ ಹೀಗೇ. ಸುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು, ಎತ್ತು ಬಿಚ್ಚಿ ಹುಲ್ಲು ಹಾಕಿ, ನೆಲದ ಟಿಕೆಟ್ ತೆಗೆದುಕೊಂಡು ಮರಳು ಗುಡ್ಡೆ ಮಾಡಿ ಕೂರುತ್ತಿದ್ದರು. ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಬದಲಿಸಿದಾಗಲೆಲ್ಲ ಒಂದು ಬಿಡುವು. ಮಾತಿಗೆ ಬೇಕಾದಷ್ಟು ಸಮಯ. ಅಹಮದಾಬಾದಿನ ಬಯಲು ನನಗೆ ಮೊದಲ ದಿನವೇ ಹಿಡಿಸಿದ್ದು ಅದಕ್ಕೇ ಇರಬೇಕು.

ಹವಾಮಾನದಲ್ಲಿ ಯಾವುದೂ ಪೂರ್ತಿ ಗೆಲ್ಲುವುದಿಲ್ಲ. ಗುಜರಾತಿನ ಬೇಸಿಗೆಯ ಹಗಲು ಬೆಂಕಿ. ಆದರೆ ರಾತ್ರಿ ಬಯಲಲ್ಲಿ ಗಾಳಿ ಬೀಸಿದರೆ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಹೋಗುವುದೋ ಬೇಡವೋ ಅಂತ ಆಕಾಶ ನೋಡುತ್ತಾ ಕೂರಬೇಕಿತ್ತು. ಸ್ಯಾನ್ ಹೊಸೆಯಲ್ಲಿ ಬೇಸಿಗೆ ಅಂದರೆ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಹೊತ್ತು ಮುಳುಗಿದ ಮೇಲೆ ಚಳಿ. ಜುಲೈ ತಿಂಗಳಲ್ಲೂ ಸ್ವೆಟರ್, ರಗ್ಗು ಬೇಕೇ ಬೇಕು.

ಹೊತ್ತಿನದು ಇನ್ನೊಂದು ತೊಂದರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 8:30ಕ್ಕೆ. ಕತ್ತಲಾಗದೆ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಹಾಗಾಗಿ ಸಿನಿಮಾ ಶುರುವಾಗುವಾಗ 9 ಗಂಟೆ ಹತ್ತಿರ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಅಮೆರಿಕದ ಡ್ರೈವ್-ಇನ್ ಮಾಲೀಕರು 1960ರ ದಶಕದಲ್ಲಿ ಜೋರಾಗಿ ವಿರೋಧಿಸಿದ್ದರು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಸಿನಿಮಾದ ಆಯ್ಕೆಯಲ್ಲಿ ಸ್ಯಾನ್ ಹೊಸೆಗೆ ಎದುರೇ ಇಲ್ಲ. ಅಲ್ಲಿ ಹಲವು ಪರದೆಗಳಿವೆ. ಒಂದೇ ಟಿಕೆಟ್‌ಗೆ ಸಾಲಾಗಿ ಎರಡು ಸಿನಿಮಾ ನೋಡುವುದೂ ಅಲ್ಲಿ ಉಂಟು. ಮೊದಲನೆಯದು ಮಕ್ಕಳಿಗೆ. ಎರಡನೆಯದರ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ, ಮಗ ಸೊಸೆ ನೆಮ್ಮದಿಯಾಗಿ ನೋಡುತ್ತಾರೆ. ಚಿತ್ರವೂ ಬೆಳಕಾಗಿ, ಚೂಪಾಗಿ ಇರುತ್ತದೆ. ಅಹಮದಾಬಾದಿನಲ್ಲಿ ಆಗ ಒಂದೇ ಪರದೆ, ಒಂದು ಹಿಂದಿ ಸಿನಿಮಾ. ಬಂದಿದ್ದನ್ನು ನೋಡಬೇಕು ಅಷ್ಟೇ.

ಒಂದು ಸಲ ಮಾತ್ರ ಸ್ಯಾನ್ ಹೊಸೆಯೂ ನನಗೆ ಅಹಮದಾಬಾದಿನ ಹಾಗೇ ಅನ್ನಿಸಿತು. ಮಗನ ಬೀದಿಯ ಕನ್ನಡದವರು ಮೂರು ನಾಲ್ಕು ಮನೆಯವರು ಒಟ್ಟಿಗೆ ಹೋಗಿದ್ದೆವು. ಗಾಡಿಗಳನ್ನೆಲ್ಲ ಅಕ್ಕಪಕ್ಕ ರಿವರ್ಸ್ ಹಾಕಿ, ಮುಂದೆ ಚಾಪೆ ಹಾಸಿ, ಎರಡು ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತೆವು. ಪುಳಿಯೋಗರೆ ಡಬ್ಬಿ ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಾಡಿತು. ಪಕ್ಕದಲ್ಲಿ ನಿಂತಿದ್ದ ಮೆಕ್ಸಿಕೋ ಮೂಲದ ಸಂಸಾರದ ಮಕ್ಕಳೂ ನಮ್ಮ ಚಾಪೆಗೆ ಬಂದು ಕೂತರು. ಸಿನಿಮಾ ಅರ್ಧ ಬಿಟ್ಟುಹೋಯಿತು. ಒಬ್ಬರಿಗೂ ಬೇಜಾರಾಗಲಿಲ್ಲ.

1958ರ ಸುಮಾರಿಗೆ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು. ಈಗ ಉಳಿದಿರುವುದು 300ರ ಆಸುಪಾಸು. ಊರು ಬೆಳೆದು ಜಾಗದ ಬೆಲೆ ಏರಿತು. ಟಿವಿ, ವಿಡಿಯೋ ಮನೆಗೆ ಬಂದವು. ಸ್ಯಾನ್ ಹೊಸೆಯಂಥ ಕಡೆ ಅಷ್ಟು ದೊಡ್ಡ ಬಯಲು ಇನ್ನೂ ಉಳಿದಿರುವುದೇ ಆಶ್ಚರ್ಯ, ಅಲ್ವಾ? ಅಲ್ಲಿ ಹಗಲು ಹೊತ್ತು ಹಳೇ ಸಾಮಾನಿನ ಸಂತೆಯೂ ನಡೆಯುತ್ತದೆ.

ಆ ಕಡೆ ಮಗನ ಮನೆಯೋ ಮಗಳ ಮನೆಯೋ ಇರುವವರು ಖಂಡಿತ ಒಮ್ಮೆ ಹೋಗಿ ಬನ್ನಿ. ಇಬ್ಬರೇ ಹೋಗಿ ಗಾಜು ಏರಿಸಿಕೊಂಡು ಕೂರುವುದಾದರೆ ಅಷ್ಟು ದೂರ ಸುಮ್ನೆ ಹೋಗಬೇಡಿ, ಮಲ್ಟಿಪ್ಲೆಕ್ಸೇ ವಾಸಿ. ಜನ ಜಾಸ್ತಿ ಇರಲಿ. ಕತ್ತಲಾಗುವ ಒಂದು ಗಂಟೆ ಮುಂಚೆ ತಲುಪಿದರೆ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಲು ಜಾಗ ಸಿಗುತ್ತದೆ. ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿಕೊಳ್ಳಿ, ರಗ್ಗು ತಲೆಗೊಂದರಂತೆ ಇರಲಿ, ತಿಂಡಿಯನ್ನು ಪಕ್ಕದವರಿಗೂ ಆಗುವಷ್ಟು ಕಟ್ಟಿಕೊಳ್ಳಿ.